ಸಾಮಿಲ್ಲಿನ ಊರಿನಲ್ಲಿ ಯಾರಿಗೆ ಯಾವ ಕೆಲಸ?

ಪ್ಯಾಂಥರ್ ಅನ್ನುವ ಹೆಸರು ನಮಗೆ ಹೊಸದಲ್ಲ. 1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಕರಿಯರ ಸಂಘಟನೆಯಿಂದ ಆ ಹೆಸರನ್ನು ಎತ್ತಿಕೊಂಡರು. ಆದರೆ ಆ ಕರಿಯ ಜನ ಬೆಳಗಾದರೆ ಯಾವ ಕೆಲಸಕ್ಕೆ ಹೋಗುತ್ತಿದ್ದರು, ಯಾವ ಕೆಲಸದ ಬಾಗಿಲು ಅವರಿಗೆ ಮುಚ್ಚಿತ್ತು ಅಂತ ನಾವು ಕೇಳಿದ್ದು ಕಡಿಮೆ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಹೊಲ ಬಿಟ್ಟು ಬಂದ ಸಾವಿರಾರು ಕರಿಯರಿಗೆ ಸಿಕ್ಕಿದ್ದು ಸಾಮಿಲ್ಲು.

ಲೂಯಿಸಿಯಾನಾ ರಾಜ್ಯದ ಬೊಗಲೂಸಾ ಅಂಥದೊಂದು ಊರು. ಮೊದಲು ಅಲ್ಲಿದ್ದದ್ದು ಪೈನ್ ಕಾಡು. ಉತ್ತರದ ಬಫೆಲೋ ನಗರದ ಗುಡ್‌ಇಯರ್ ಮನೆತನದ ದುಡ್ಡಿನಿಂದ ಗ್ರೇಟ್ ಸದರ್ನ್ ಲಂಬರ್ ಕಂಪನಿ ಬಂತು. 1908ರಲ್ಲಿ ಮಿಲ್ಲು ಶುರುವಾಯಿತು. ಜಗತ್ತಿನಲ್ಲೇ ದೊಡ್ಡದು ಅಂತ ಅದಕ್ಕೆ ಹೆಸರು. ದಿನಕ್ಕೆ 10 ಲಕ್ಷ ಬೋರ್ಡ್ ಅಡಿ ಮರ ಕೊಯ್ಯುವ ತಾಕತ್ತು. ಮನೆ ಕಂಪನಿಯದು, ಅಂಗಡಿ ಕಂಪನಿಯದು. ಮಿಲ್ಲಿನ ಮ್ಯಾನೇಜರ್ ಸಲಿವನ್‌ನೇ ಊರಿನ ಮೇಯರು. ಪಟೇಲನೇ ಶಾನುಭೋಗನೂ ಆದರೆ ಏನಾದೀತು ಅಂತ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಿಲ್ಲಿನೊಳಗೆ ಹೋಗಿ ನೋಡೋಣ. ಕೊಳದಲ್ಲಿ ತೇಲುವ ದಿಮ್ಮಿಯನ್ನು ಮೇಲಕ್ಕೆಳೆದು ಗರಗಸಕ್ಕೆ ಒಡ್ಡುತ್ತಾರೆ. ಎಲ್ಲಿ ಕೊಯ್ದರೆ ಹೆಚ್ಚು ಹಲಗೆ ಬಂದೀತು ಅಂತ ಕಣ್ಣಳತೆಯಲ್ಲೇ ತೀರ್ಮಾನಿಸುವವನು ಗರಗಸದವನು. ಗರಗಸದ ಹಲ್ಲಿಗೆ ಅರ ಹಾಕುವವನು ಇನ್ನೊಬ್ಬ. ಇವರು ದೊಡ್ಡ ಸಂಬಳದವರು. ದಕ್ಷಿಣದ ಮಿಲ್ಲುಗಳಲ್ಲಿ ಈ ಜಾಗಗಳು ಬಿಳಿಯರಿಗೆ ಮೀಸಲು. ಮೀಸಲಾತಿ ಅಂದ ಕೂಡಲೇ 'ಅರ್ಹತೆ, ಅರ್ಹತೆ' ಅಂತ ಬಾಯಿ ಬಡಿದುಕೊಳ್ಳುವವರು ಈ ಮೀಸಲಾತಿಯನ್ನೂ ಸ್ವಲ್ಪ ನೋಡಲಿ. ಸರಪಳಿಯ ಮೇಲೆ ಹರಿದು ಬರುವ ಹಸಿ ಹಲಗೆ ಎಳೆಯುವುದು, ಹೊರುವುದು, ಒಟ್ಟುವುದು ಕರಿಯರ ಪಾಲು. ಇಪ್ಪತ್ತು ವರ್ಷ ಹಲಗೆ ಒಟ್ಟಿದವನಿಗೆ ಮರದ ಗುಣ ತಿಳಿಯದೇ? ತಿಳಿದಿತ್ತು. ಅವನನ್ನು ಕೇಳುವವರಿರಲಿಲ್ಲ, ಅಷ್ಟೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಕೂಲಿಕಾರರು ಸಂಘ ಕಟ್ಟಿದರು. ಕರಿಯರ ಮುಂದಾಳು ಸಾಲ್ ಡೇಕಸ್. ಕಂಪನಿಯ ಕಡೆಯವರು 'ನಿಷ್ಠೆ'ಯ ಹೆಸರಿನಲ್ಲಿ ಬಂದೂಕಿನ ಗುಂಪೊಂದನ್ನು ಎಬ್ಬಿಸಿದರು. 1919ರ ನವೆಂಬರ್ 21ರಂದು ಅವರು ಡೇಕಸ್‌ನ ಮನೆಗೆ ಮುತ್ತಿದಾಗ ಅವನು ಜೌಗು ನೆಲಕ್ಕೆ ಓಡಿ ಜೀವ ಉಳಿಸಿಕೊಂಡ. ಮರುದಿನ ಇಬ್ಬರು ಬಿಳಿಯ ಕಾರ್ಮಿಕರು ಬಂದೂಕು ಹಿಡಿದು ಅವನ ಜೊತೆ ಊರಿನ ನಡುಬೀದಿಯಲ್ಲೇ ನಡೆದು ಬಂದರು! ಸಂಘದ ಮುಖಂಡ ಲಮ್ ವಿಲಿಯಮ್ಸ್‌ನ ಜಾಗ ಸೇರುವಷ್ಟರಲ್ಲಿ ಗುಂಪು ಬಂದೇ ಬಂತು. ಗುಂಡು ಹಾರಿತು. ವಿಲಿಯಮ್ಸ್ ಸೇರಿ ನಾಲ್ವರು ಬಿಳಿಯ ಸಂಘದವರು ಸತ್ತರು. ಡೇಕಸ್ ತಪ್ಪಿಸಿಕೊಂಡ. ಕೊಂದವರಿಗೆ ಶಿಕ್ಷೆಯಾಗಲಿಲ್ಲ.

ಆ ಬಿಳಿಯರೆಲ್ಲ ಸಮಾನತೆಯ ಭಕ್ತರು ಅಂತ ನಾವು ಹೇಳುತ್ತಿಲ್ಲ. ಕರಿಯನನ್ನು ಕಡಿಮೆ ಕೂಲಿಗೆ ದುಡಿಸಿದರೆ ತಮ್ಮ ಹೊಟ್ಟೆಗೂ ಕಲ್ಲು ಬೀಳುತ್ತದೆ ಅನ್ನುವ ಲೆಕ್ಕವೂ ಅದರಲ್ಲಿತ್ತು. ಇರಲಿ. ಲೆಕ್ಕ ಹಾಕಿದವರೆಲ್ಲ ಆ ಬೀದಿಯಲ್ಲಿ ನಡೆಯುವುದಿಲ್ಲ.

ಕಾಡು ಬರಿದಾಯಿತು, 1938ರಲ್ಲಿ ಸಾಮಿಲ್ಲು ಮುಚ್ಚಿತು. ಅದೇ ಮರದಿಂದ ಕಾಗದ ಮಾಡುವ ಮಿಲ್ಲು ಉಳಿಯಿತು. ಮುಂದೆ ಅದನ್ನು ಕ್ರೌನ್ ಝೆಲ್ಲರ್‌ಬಾಕ್ ಕಂಪನಿ ಕೊಂಡಿತು. ಅಲ್ಲಿಯೂ ಎರಡು ಏಣಿ: ಬಿಳಿಯರಿಗೊಂದು, ಕರಿಯರಿಗೊಂದು. ಯೂನಿಯನ್ನೂ ಎರಡು: 189 ಬಿಳಿಯರದು, 189-ಎ ಕರಿಯರದು. ಆ ಮಿಲ್ಲಿನಲ್ಲಿ ದುಡಿಯುತ್ತಿದ್ದ ರಾಬರ್ಟ್ ಹಿಕ್ಸ್ 1965ರಲ್ಲಿ ಹಕ್ಕಿನ ಹೋರಾಟದ ಇಬ್ಬರು ಬಿಳಿಯ ಹುಡುಗರನ್ನು ಮನೆಯಲ್ಲಿ ಉಳಿಸಿಕೊಂಡ. ಕ್ಲ್ಯಾನ್ ಗುಂಪಿನಿಂದ ಬೆದರಿಕೆ ಬಂತು. ಈ ಸಲ ಬಂದೂಕು ಹಿಡಿದು ಕಾವಲು ನಿಂತವರು ಕರಿಯರು.

1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂತು, ಏಣಿಗಳೂ ಒಂದಾದವು. ಕಾಗದದ ಮೇಲೆ! ಸೀನಿಯಾರಿಟಿ ಲಿಸ್ಟು ಅಂದರೇನು ಅಂತ ನಮ್ಮ ಮೇಷ್ಟ್ರುಗಳಿಗೆ ಗೊತ್ತು. ಅಲ್ಲಿ ಎಣಿಸುತ್ತಿದ್ದದ್ದು ಮಿಲ್ಲಿನಲ್ಲಿ ಕಳೆದ ವರ್ಷಗಳನ್ನಲ್ಲ, ಆಯಾ ಹುದ್ದೆಯಲ್ಲಿ ಕಳೆದ ವರ್ಷಗಳನ್ನು. ಹುದ್ದೆಯ ಹತ್ತಿರಕ್ಕೇ ಬಿಡದೆ, ಹುದ್ದೆಯಲ್ಲಿ ಎಷ್ಟು ವರ್ಷ ಇದ್ದೆ ಅಂತ ಕೇಳಿದರೆ ಕರಿಯ ಏನು ಹೇಳಬೇಕು? ನಿನ್ನೆ ಸೇರಿದ ಬಿಳಿಯ ಹುಡುಗ ಅವನನ್ನು ದಾಟಿ ಹೋಗುತ್ತಿದ್ದ. ವ್ಯಾಜ್ಯ ಕೋರ್ಟಿಗೆ ಹೋಯಿತು. 1969ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಹಳೆಯ ಭೇದವನ್ನು ಮುಂದುವರಿಸುವ ಈ ಲೆಕ್ಕ ಕಾನೂನಿಗೆ ವಿರುದ್ಧ ಅಂತ ಹೇಳಿ, ಮಿಲ್ಲಿಗೆ ಸೇರಿದ ದಿನದಿಂದಲೇ ಎಣಿಸಬೇಕು ಅನ್ನುವ ಆದೇಶವನ್ನು ಎತ್ತಿಹಿಡಿಯಿತು.