ಕುಲುಮೆಯಿಂದ ಗ್ಯಾರೇಜಿಗೆ: ಗಿರಾಕಿಯ ನಂಬಿಕೆಯ ಕಥೆ

ಕಡಿದ ಕಬ್ಬು ಕಾಯುವುದಿಲ್ಲ. ಜಲ್ಲೆ ಗದ್ದೆಯಲ್ಲೇ ಬಿದ್ದಿದ್ದರೆ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕಡಿಮೆಯಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದಲೇ ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಅದು ಬರೀ ಯಂತ್ರದ ತೊಂದರೆಯಲ್ಲ. ಕಡಿಯುವ ಆಳುಗಳು ಬಂದಿರುತ್ತಾರೆ, ಅವರ ಕೂಲಿ ಏರುತ್ತಿರುತ್ತದೆ, ಕಾರ್ಖಾನೆಯ ಸರದಿ ತಪ್ಪುವ ಭಯ ಬೇರೆ. ಆ ಗಳಿಗೆಯಲ್ಲಿ ರೈತನ ವರ್ಷದ ದುಡಿಮೆ ಗ್ಯಾರೇಜಿನ ಮೇಸ್ತ್ರಿಯ ಬಾಯಲ್ಲಿ ಬರುವ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆತ ‘ಎಂಜಿನ್ ಬಿಚ್ಚಬೇಕು’ ಎಂದರೆ ಬಿಚ್ಚಿಸಬೇಕು; ‘ಬೆಲ್ಟ್ ಸಡಿಲವಾಗಿದೆ, ಅಷ್ಟೇ’ ಎಂದರೆ ಉಸಿರು ಬಿಡಬಹುದು.

ಹೀಗೆ ಇನ್ನೊಬ್ಬರ ಮಾತನ್ನೇ ನಂಬಿ ನಿಂತ ಗಿರಾಕಿ ಗ್ಯಾರೇಜಿನಿಂದ ಏನನ್ನು ನಿರೀಕ್ಷಿಸಬಹುದು? ನ್ಯಾಯವಾಗಿ ಏನನ್ನು ಕೇಳಬಹುದು? ಪ್ರಶ್ನೆ ಇಂದಿನದೇನೂ ಅಲ್ಲ. ಗ್ಯಾರೇಜುಗಳು ಬರುವ ಮುನ್ನ ಊರೂರಲ್ಲೂ ಕುಲುಮೆ ಇತ್ತು, ಬಡಗಿಯ ಕೊಟ್ಟಿಗೆ ಇತ್ತು. ಅಲ್ಲಿನ ವಾಡಿಕೆ ಏನಿತ್ತೆಂದು ನೋಡಿದರೆ ಇಂದಿನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಕಣದಲ್ಲಿ ಸಂದಾಯ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ಆಯಗಾರ ಪದ್ಧತಿ ನಡೆದುಬಂದಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿ ಕೆಲಸ ಮಾಡಿದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟದಲ್ಲಿ ಊರಿನ ಹನ್ನೆರಡು ಮಂದಿ ಆಯಗಾರರನ್ನು ಪಟ್ಟಿ ಮಾಡಿದ್ದಾನೆ. ಗೌಡ, ಶಾನುಭೋಗ, ನೀರಗಂಟಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರ ಜೊತೆಗೆ ಅದರಲ್ಲಿ ಕಮ್ಮಾರನೂ ಬಡಗಿಯೂ ಇದ್ದಾರೆ. ನೇಗಿಲ ಕುಳ ತಟ್ಟುವುದು, ಕುಡುಗೋಲಿಗೆ ಕಕ್ಕು ಹಾಕುವುದು, ಗಾಡಿಯ ಅಚ್ಚು, ಗಾಲಿ, ನೊಗ ಸರಿಪಡಿಸುವುದು ಇವರ ಕೆಲಸ. ಪ್ರತಿ ರಿಪೇರಿಗೂ ಕೈಯಲ್ಲಿ ಕಾಸು ಎಣಿಸುವ ವಾಡಿಕೆ ಇರಲಿಲ್ಲ. ಸುಗ್ಗಿಯಲ್ಲಿ ಒಕ್ಕಣೆ ಮುಗಿದ ಮೇಲೆ ಕಣದಲ್ಲೇ ರಾಗಿ, ಭತ್ತದ ರೂಪದಲ್ಲಿ ಆಯ ಸಲ್ಲುತ್ತಿತ್ತು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಸಾಮಾನ್ಯವಾಗಿ ಆಯ ಸಲ್ಲುತ್ತಿದ್ದುದು ಕೈಕೆಲಸಕ್ಕೆ. ಮರ, ಕಬ್ಬಿಣ, ಇದ್ದಿಲು ರೈತನವೇ. ಜಾಲಿಯ ತೊಲೆಯನ್ನು ಹೊತ್ತು ತಂದವನು ಅವನೇ. ಗಾಲಿಗೆ ಸೇರಿದ್ದು ಅದೇ ಮರ ಎಂದು ಬಲ್ಲವನೂ ಅವನೇ. ಗಾಲಿಗೆ ಕಬ್ಬಿಣದ ಪಟ್ಟೆ ಕಟ್ಟುವ ದಿನ ಬೆರಣಿ ಪೇರಿಸಿ ಬೆಂಕಿ ಹಾಕಿ, ಪಟ್ಟೆ ಕೆಂಪಗೆ ಕಾದು ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ನೀರು ಸುರಿದು ತಣಿಸಬೇಕು. ತಣಿದ ಕಬ್ಬಿಣ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಒಬ್ಬರಿಬ್ಬರಿಂದ ಆಗುವ ಕೆಲಸವಲ್ಲ. ಗಾಡಿಯ ಯಜಮಾನನೂ ಕೈಹಾಕಬೇಕು, ತಿದಿ ಒತ್ತಬೇಕು, ನೀರು ಹೊರಬೇಕು. ಹೀಗಾಗಿ ರಿಪೇರಿ ಎಂಬುದು ಗಿರಾಕಿಯ ಕಣ್ಣೆದುರಿಗೇ ನಡೆಯುತ್ತಿತ್ತು. ಏನು ಕೆಟ್ಟಿತ್ತು, ಏನು ಹಾಕಲಾಯಿತು ಎಂಬುದರಲ್ಲಿ ಗುಟ್ಟಿರಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಹಾಡಬೇಕಾಗಿಲ್ಲ. ಆಯ ಕೊಡುವಾಗ ಮೊರ ತುಂಬಿಸುವುದೂ ಬಿಡುವುದೂ ಒಕ್ಕಲಿನವನ ಕೈಯಲ್ಲಿತ್ತು. ಮಳೆ ಹೋದರೆ ಕಮ್ಮಾರನ ಹೊಟ್ಟೆಯೂ ಹೋಯಿತು. ಕಸುಬು ಜಾತಿಗೆ ಅಂಟಿಕೊಂಡಿದ್ದರಿಂದ ಅವನ ಮಗ ಬೇರೆ ದಾರಿ ಹಿಡಿಯುವುದು ಕಷ್ಟ. ರೈತನಿಗೂ ಕೆಲಸ ಸರಿ ಬರದಿದ್ದರೆ ಇನ್ನೊಬ್ಬ ಕಮ್ಮಾರನ ಬಳಿ ಹೋಗುವ ಸ್ವಾತಂತ್ರ್ಯ ಹೆಸರಿಗಷ್ಟೇ. ಅಲ್ಲಿ ನಂಬಿಕೆಯಿತ್ತು, ನಿಜ. ಆದರೆ ಆಯ್ಕೆ ಇರಲಿಲ್ಲ.

ನಾಲೆ, ಕಾರ್ಖಾನೆ, ರಸ್ತೆ

ಈ ಸೀಮೆಯ ಬದುಕು ಬದಲಾದದ್ದು ನೀರಿನಿಂದ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತ ಬಂದಂತೆ, 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಒಣಭೂಮಿಗೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, ಮರುವರ್ಷ ಮಂಡ್ಯದಲ್ಲಿ ಕಬ್ಬು ಅರೆಯತೊಡಗಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮುಂದೆ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿ ಮತ್ತು ಕೊಪ್ಪಗಳಲ್ಲೂ ಸಕ್ಕರೆ ಕಾರ್ಖಾನೆಗಳು ಬಂದವು.

ಕಬ್ಬು ಬಂದಮೇಲೆ ಸಾಗಣೆ ಬಂತು. ಕಬ್ಬಿಣದ ಪಟ್ಟೆಯ ಗಾಡಿಯ ಜಾಗಕ್ಕೆ ಜನ ‘ಡನ್ಲಪ್ ಗಾಡಿ’ ಎಂದು ಕರೆದ ರಬ್ಬರ್ ಟೈರಿನ ಗಾಡಿ ಬಂತು. ಅದರ ಹಿಂದೆ ಲಾರಿ, ಟ್ರ್ಯಾಕ್ಟರ್. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿ, 1961ರಲ್ಲಿ ಅದು ನಿಗಮವಾಯಿತು. ಅದೇ ಹೊತ್ತಿಗೆ ಮೈಸೂರಿನಲ್ಲಿ ಜಾವಾ ಮೋಟಾರ್ ಸೈಕಲ್ ತಯಾರಾಗತೊಡಗಿತು. 1970 ಮತ್ತು 80ರ ದಶಕಗಳಲ್ಲಿ ಲೂನಾ, ಟಿವಿಎಸ್ ಮೊಪೆಡ್‌ಗಳು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಹಳ್ಳಿಯ ಓಣಿಗಳಿಗೇ ನುಗ್ಗಿದವು.

ಇದರೊಂದಿಗೆ ಲೇತು, ವೆಲ್ಡಿಂಗು, ಪಂಕ್ಚರ್ ಅಂಗಡಿ, ಗ್ಯಾರೇಜುಗಳು ರಸ್ತೆಯ ಪಕ್ಕದಲ್ಲಿ ತಲೆಯೆತ್ತಿದವು. ಮದ್ದೂರಿನ ಸ್ಥಾನ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಬೆಂಗಳೂರು–ಮೈಸೂರು ರಸ್ತೆಯನ್ನು ಅಲ್ಲಿ ಮಳವಳ್ಳಿಯ ರಸ್ತೆಯೂ ಕುಣಿಗಲ್–ತುಮಕೂರಿನ ರಸ್ತೆಯೂ ಕೂಡುತ್ತವೆ. ಮಳವಳ್ಳಿಯೂ ಕನಕಪುರದಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯ ನಿಲ್ದಾಣ.

ಕುಲುಮೆಗೂ ಗ್ಯಾರೇಜಿಗೂ ಇರುವ ದೊಡ್ಡ ವ್ಯತ್ಯಾಸ ಯಂತ್ರದ್ದಲ್ಲ, ಕಣ್ಣಿನದು. ಬಿಡಿಭಾಗವನ್ನು ಈಗ ಗಿರಾಕಿ ತರುವುದಿಲ್ಲ, ಮೇಸ್ತ್ರಿಯೇ ತರಿಸುತ್ತಾನೆ. ಕೆಟ್ಟ ಭಾಗ ಎಂಜಿನ್ನಿನ ಒಳಗಿರುತ್ತದೆ. ಗಿರಾಕಿ ಎದುರಿಗೆ ನಿಂತರೂ ನೋಡಿ ತಿಳಿಯುವುದು ಸ್ವಲ್ಪವೇ. ಅದರ ಮೇಲೆ, ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರಿನವನು ಮತ್ತೆ ಈ ಕಡೆ ಬರುತ್ತಾನೆಂಬ ಖಾತ್ರಿ ಇಲ್ಲ. ಸುಗ್ಗಿಯ ಕಣದಲ್ಲಿ ಮುಖ ನೋಡಬೇಕಾದ ಹಂಗು ಇಬ್ಬರಿಗೂ ಇಲ್ಲ. ಇಂಥಲ್ಲಿ ಕಣ್ಣು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು. ಅದನ್ನು ಮಾಡಬಲ್ಲದ್ದು ಕಾಗದ.

ಮೊದಲು ರೋಗ, ಆಮೇಲೆ ಮದ್ದು

ಗಿರಾಕಿಯ ಮೊದಲ ಹಕ್ಕು ಸರಿಯಾದ ರೋಗಪತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಗ್ಯಾರೇಜಿಗೂ ಒಪ್ಪುತ್ತದೆ. ಎಂಜಿನ್ ಕಾಯುತ್ತಿದೆ ಎಂದರೆ ನೀರಿನ ಕೊಳವೆ ಸೋರುತ್ತಿರಬಹುದು, ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ರೇಡಿಯೇಟರಿನಲ್ಲಿ ಹೊಟ್ಟು ತುಂಬಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿರುವುದೂ ಸಾಧ್ಯ. ಒಳ್ಳೆಯ ಮೇಸ್ತ್ರಿ ಅಗ್ಗದ ಕಾರಣಗಳನ್ನು ಮೊದಲು ನೋಡಿ, ದುಬಾರಿಯದನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚಾಗಿದೆ. ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಸೇರಿರುವ ಸಂಶಯ. ಇಷ್ಟನ್ನು ತಿಳಿದ ಗಿರಾಕಿ ‘ಏನೋ ಶಬ್ದ ಬರುತ್ತೆ’ ಎಂದಷ್ಟೇ ಹೇಳುವುದಿಲ್ಲ. ಯಾವಾಗ, ಎಷ್ಟು ವೇಗದಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ ಎಂದು ಹೇಳುತ್ತಾನೆ. ಅರ್ಧ ರಿಪೇರಿ ಅಲ್ಲೇ ಆಯಿತು.

ಎರಡನೆಯದು ಅಂದಾಜು ಪಟ್ಟಿ. ಕೂಲಿ ಎಷ್ಟು, ಬಿಡಿಭಾಗಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದು, ಕೆಲಸ ಮುಗಿಯುವ ದಿನವನ್ನೂ ಹೇಳಬೇಕು. ಬಿಚ್ಚಿದ ಮೇಲೆ ಹೊಸ ದೋಷ ಕಂಡರೆ ಕೇಳಿಯೇ ಮುಂದುವರಿಯಬೇಕು. ಮೂರನೆಯದು ತೆಗೆದ ಹಳೆಯ ಭಾಗ. ‘ಹಳೆಯದು ಕೊಡಿ’ ಎಂದು ಕೇಳುವುದು ಅನುಮಾನದ ಮಾತಲ್ಲ. ತನ್ನ ಮರ ತನ್ನ ಗಾಲಿಗೇ ಸೇರಿತೆಂದು ಹಿಂದೆ ರೈತ ಕಣ್ಣಾರೆ ಕಾಣುತ್ತಿದ್ದನಲ್ಲ, ಅದರ ಇಂದಿನ ರೂಪ ಇದು. ಸವೆದ ಬ್ರೇಕ್ ಲೈನರನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಬಿಲ್ಲು ಭಾರವೆನಿಸುವುದಿಲ್ಲ.

ಹಳೆಯ ಕಾನೂನು, ಹೊಸ ಕಾನೂನು

ರಿಪೇರಿಗೆ ಬಿಟ್ಟ ವಾಹನದ ವಿಚಾರದಲ್ಲಿ ಇಂದಿಗೂ ಜೀವಂತವಾಗಿರುವ ಕಾನೂನು 1872ರ ಭಾರತೀಯ ಕರಾರು ಕಾಯ್ದೆ. ಅದರ 151ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ವಸ್ತುವನ್ನು ವಶಕ್ಕೆ ಪಡೆದವನು, ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು. ಗ್ಯಾರೇಜಿನ ಮುಂದೆ ರಾತ್ರಿ ನಿಂತ ಸ್ಕೂಟರಿನ ಬ್ಯಾಟರಿ ಕಾಣೆಯಾದರೆ ‘ನಮಗೆ ಗೊತ್ತಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭವಲ್ಲ.

ಅದೇ ಕಾಯ್ದೆ ಮೇಸ್ತ್ರಿಯ ಪಕ್ಷವನ್ನೂ ಹಿಡಿಯುತ್ತದೆ. 170ನೆಯ ಕಲಮಿನಂತೆ, ಶ್ರಮ ಅಥವಾ ಕುಶಲತೆ ಹಾಕಿ ಕೆಲಸ ಮಾಡಿದವನು ತನ್ನ ನ್ಯಾಯವಾದ ಕೂಲಿ ಕೈಸೇರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಆದರೆ ಸಾಲ ಕೊಡಲು ಮೊದಲೇ ಒಪ್ಪಿದ್ದರೆ ಆ ಹಕ್ಕು ಇಲ್ಲ. ಕೋಟು ಹೊಲಿದ ತಕ್ಷಣ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಕಾಯುತ್ತೇನೆ ಎಂದ ದರ್ಜಿ ಕೋಟನ್ನು ತಡೆದಿಟ್ಟುಕೊಳ್ಳುವಂತಿಲ್ಲ ಎಂಬ ಉದಾಹರಣೆಯನ್ನು ಕಾಯ್ದೆಯೇ ಕೊಡುತ್ತದೆ. ‘ಕಬ್ಬಿನ ದುಡ್ಡು ಬಂದಮೇಲೆ ಕೊಡ್ತೀನಿ’ ಎಂಬ ಮಾತಿಗೆ ಒಪ್ಪಿ ಕೆಲಸ ಹಿಡಿದವರು ಈ ದರ್ಜಿಯನ್ನು ನೆನೆಯುವುದು ಒಳ್ಳೆಯದು. ಕಾರ್ಖಾನೆ ಬಾಕಿ ಉಳಿಸಿಕೊಂಡರೆ ಆ ಬಾಕಿಯ ಬಿಸಿ ಗ್ಯಾರೇಜಿಗೂ ತಟ್ಟುತ್ತದೆ.

1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದು, ಹಣ ಕೊಟ್ಟು ಪಡೆದ ಸೇವೆಯಲ್ಲಿ ನ್ಯೂನತೆಯಾದರೆ ಜಿಲ್ಲಾ ಮಟ್ಟದಲ್ಲೇ ದೂರು ಕೊಡುವ ದಾರಿ ತೆರೆಯಿತು. ಅದರ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಸರ್ವಿಸ್ ಸೆಂಟರಿನ ಮೇಲಿನ ದೂರನ್ನು ಮಳವಳ್ಳಿಯವರು ಮಂಡ್ಯದ ಆಯೋಗದ ಮುಂದೆ ಇಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರು ಎರಡು ವರ್ಷದೊಳಗೆ ಬರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಇಷ್ಟೆಲ್ಲ ಇದ್ದರೂ ಬಿಲ್ಲಿಲ್ಲದವನ ದೂರು ನಿಲ್ಲುವುದು ಕಷ್ಟ. ಸೇವೆಗೆ ಬಿಲ್ಲು ಕೊಡದಿರುವುದನ್ನೇ ಹೊಸ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ‘ಬಿಲ್ಲು ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ತಲೆಯಾಡಿಸುವ ಗಿರಾಕಿ, ಉಳಿದ ಹಣದ ಜೊತೆಗೆ ತನ್ನ ಸಾಕ್ಷಿಯನ್ನೂ ಬಿಟ್ಟುಕೊಡುತ್ತಾನೆ.

ಮೇಸ್ತ್ರಿಯ ಕಷ್ಟವೂ ಇದೆ

ಲೆಕ್ಕ ಒಂದೇ ಕಡೆಯದಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಜಾಗವನ್ನು ಬಹುಮಟ್ಟಿಗೆ ಫ್ಯೂಯೆಲ್ ಇಂಜೆಕ್ಷನ್ ಹಿಡಿದಿದೆ. ಕಿವಿಗೊಟ್ಟು ಕೇಳಿ ಟ್ಯೂನ್ ಮಾಡುತ್ತಿದ್ದ ಕೈಗೆ ಈಗ ಸ್ಕ್ಯಾನರ್ ಬೇಕು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ವಿಷಯ ಮೇಲ್ಮನವಿಗೆ ಹೋಯಿತು. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂಬ ಪೋರ್ಟಲ್ ತೆರೆಯಿತು. ವಾಹನಗಳೂ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಊರಿನ ಗ್ಯಾರೇಜು ಉಳಿದರಷ್ಟೇ ಗಿರಾಕಿಗೆ ಆಯ್ಕೆ ಉಳಿಯುತ್ತದೆ.

ಗಿರಾಕಿ ನೋಡಬೇಕಾದ ಇನ್ನೊಂದಿದೆ. ಬಹಳ ಕಾಲ ಮೇಸ್ತ್ರಿಗಳು ತಯಾರಾದದ್ದು ಶಾಲೆ ಬಿಟ್ಟ ಹುಡುಗರಿಂದ. ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುತ್ತ, ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರು ಎಷ್ಟೋ ಮಂದಿ. 2016ರ ಕಾನೂನು ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಅಗ್ಗದ ರಿಪೇರಿಯ ಹಿಂದೆ ಮಗುವಿನ ದುಡಿಮೆ ಇದೆಯೇ ಎಂದು ನೋಡುವುದೂ ಗಿರಾಕಿಯ ಕರ್ತವ್ಯ.

ಹೆದ್ದಾರಿ ಪಕ್ಕಕ್ಕೆ ಸರಿದಮೇಲೆ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಹೆದ್ದಾರಿಯ ಉದ್ಘಾಟನೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆಯಿತು. ಮದ್ದೂರು, ಮಂಡ್ಯ ಪಟ್ಟಣಗಳನ್ನು ಬದಿಗಿಟ್ಟು ಹೊಸ ರಸ್ತೆ ಸಾಗಿತು. ಹಳೆಯ ರಸ್ತೆಯ ಹೋಟೆಲು, ಅಂಗಡಿಗಳ ವ್ಯಾಪಾರ ಕುಗ್ಗಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಹೆದ್ದಾರಿಯಲ್ಲಿ ಪ್ರವೇಶ ನಿಂತಿತು.

ಹಾದುಹೋಗುವ ಕಾರಿನವನು ಮೇಲೆ ಹೋದ. ಊರಿನ ಬೈಕು, ಆಟೊ, ಟ್ರ್ಯಾಕ್ಟರು ಕೆಳಗೆ ಉಳಿದವು. ಹಳೆಯ ರಸ್ತೆಯ ಗ್ಯಾರೇಜಿಗೆ ಈಗ ಮತ್ತೆ ಮತ್ತೆ ಬರುವವರೇ ಗಿರಾಕಿಗಳು. ಕುಲುಮೆಯ ಕಾಲದಂತೆ ಇಬ್ಬರೂ ಒಬ್ಬರನ್ನೊಬ್ಬರು ಮುಂದಿನ ಸುಗ್ಗಿಯಲ್ಲೂ ನೋಡಬೇಕು. ಆದರೆ ಅಂದಿಲ್ಲದ ಎರಡು ಅನುಕೂಲ ಇಂದು ಇವೆ. ಮೇಸ್ತ್ರಿಗೆ ತನ್ನ ಕೂಲಿ ಇಷ್ಟೆಂದು ಹೇಳುವ ಹಕ್ಕಿದೆ. ಗಿರಾಕಿಗೆ ಇನ್ನೊಂದು ಗ್ಯಾರೇಜಿಗೆ ಹೋಗುವ ದಾರಿಯಿದೆ. ಇವುಗಳ ನಡುವೆ ಒಂದು ಅಂದಾಜು ಚೀಟಿ, ಒಂದು ಹಳೆಯ ಬಿಡಿಭಾಗ, ಒಂದು ಬಿಲ್ಲು ಇದ್ದರೆ ಸಾಕು. ಮುಂದಿನ ಕಟಾವಿನಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತಾಗ ರೈತ ಯಾವ ಗ್ಯಾರೇಜಿಗೆ ಹೋಗಬೇಕೆಂದು ಯೋಚಿಸುತ್ತ ನಿಲ್ಲಬೇಕಾಗುವುದಿಲ್ಲ.