ವಿಜಯಪುರದ ತೋಪುಗಳು: ನಳಿಗೆಯೊಳಗಿನ ಒತ್ತಡ

ವಿಜಯಪುರ ಕೋಟೆಯ ಬುರುಜುಗಳ ಮೇಲೆ ಉಳಿದಿರುವ ತೋಪುಗಳಲ್ಲಿ ಎರಡು ಮುಖ್ಯ: ಶೇರ್ಜಾ ಬುರುಜಿನ ಮಲಿಕ್-ಎ-ಮೈದಾನ (ಊರವರ ಬಾಯಲ್ಲಿ ಮುಲುಕ್ ಮೈದಾನ) ಮತ್ತು ಉಪಲಿ ಬುರುಜಿನ ಲಂಬಛರಿ. ಇವುಗಳ ವರ್ಣನೆ ಬಹುಮಟ್ಟಿಗೆ ತೂಕ, ಉದ್ದಗಳಲ್ಲೇ ಮುಗಿಯುತ್ತದೆ. ಮದ್ದು ಹೊತ್ತಿಕೊಂಡಾಗ ಒಳಗೆ ಹುಟ್ಟುವ ಒತ್ತಡವನ್ನು ಎರಡೂ ಬೇರೆ ಬೇರೆ ದಾರಿಯಲ್ಲಿ ತಾಳಿಕೊಂಡವು ಎಂಬುದು ಅಷ್ಟೇ ಮುಖ್ಯವಾದ ಸಂಗತಿ.

ಮಲಿಕ್-ಎ-ಮೈದಾನವನ್ನು 1549ರಲ್ಲಿ ಅಹಮದ್‌ನಗರದಲ್ಲಿ ನಿಜಾಮ್‌ಶಾಹಿ ದೊರೆ ಬುರ್ಹಾನನಿಗಾಗಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅವನ ಹೆಸರು ತೋಪಿನ ಮೇಲೆಯೇ ಇದೆ. 1632ರಲ್ಲಿ ಪರಾಂಡಾ ಕೋಟೆಯಿಂದ ಅದು ವಿಜಯಪುರಕ್ಕೆ ಬಂತು. ಮೇಲಿರುವ ಔರಂಗಜೇಬನ ಶಾಸನ 1686ರ ವಿಜಯದ ದಾಖಲೆಯೇ ಹೊರತು ತಯಾರಿಕೆಯದ್ದಲ್ಲ.

1565ರ ತಾಳಿಕೋಟೆ ಯುದ್ಧದಲ್ಲಿ ಇದೇ ತೋಪು ತಾಮ್ರದ ನಾಣ್ಯಗಳನ್ನು ಉಗುಳಿತೆಂಬ ಕಥೆ ಪ್ರಚಲಿತವಾಗಿದೆ. ಫಿರಂಗಿಗಳಿಗೆ ನಾಣ್ಯ ತುಂಬಿದ ಸಂಗತಿಯನ್ನು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆದರೆ ಸುಮಾರು 55 ಟನ್ ತೂಕದ ಈ ತೋಪನ್ನೇ ಕೃಷ್ಣೆ ದಾಟಿಸಿ ಬಯಲಿಗೆ ಎಳೆದೊಯ್ದರೆಂಬುದು ನಂಬಲು ಕಷ್ಟ.

ತೋಪಿನ ಲೋಹವೇ ಹೆಚ್ಚು ಹೇಳುತ್ತದೆ. ಫಿರಂಗಿ ಕಂಚಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ತವರ ಇರುತ್ತದೆ. ಮಲಿಕ್-ಎ-ಮೈದಾನದಲ್ಲಿ ಅದು ಸುಮಾರು ಐದರಲ್ಲಿ ಒಂದು ಪಾಲು, ಅಂದರೆ ಗಂಟೆ ಎರೆಯುವ ಮಿಶ್ರಣ. ಬಡಿದರೆ ನಾದ ಬರುವುದು ಅದಕ್ಕೇ. ಇಂಥ ಲೋಹ ಗಡುಸು, ಆದರೆ ಭಿದುರ. ಹಠಾತ್ ಒತ್ತಡಕ್ಕೆ ಬಾಗದೆ ಸಿಡಿಯುವ ಸ್ವಭಾವದ್ದು. ಅದರ ಮೇಲೆ ಬಾಯಿಯ ಅಗಲ 2 ಅಡಿ 4 ಅಂಗುಲ. ಒಳಗಿನ ಒತ್ತಡ ಒಂದೇ ಇದ್ದರೂ ನಳಿಗೆ ಅಗಲವಾದಷ್ಟೂ ಗೋಡೆಯನ್ನು ಸೀಳುವ ಎಳೆತ ಹೆಚ್ಚುತ್ತದೆ. ಸುಮಾರು 15 ಅಂಗುಲ ದಪ್ಪದ ಗೋಡೆ ಈ ಕೊರತೆಯನ್ನು ತುಂಬಿಕೊಡುತ್ತದೆ. ಇಂಥ ಅಗಲ ಬಾಯಿಯ ತೋಪುಗಳಿಗೆ ಹಾಕುತ್ತಿದ್ದ ಕಲ್ಲಿನ ಗುಂಡು ಅದೇ ಗಾತ್ರದ ಕಬ್ಬಿಣದ ಗುಂಡಿಗಿಂತ ಬಹಳ ಹಗುರ. ಬೇಗ ಜರುಗುವುದರಿಂದ ಹಿಂದಿನ ಅನಿಲಕ್ಕೆ ಜಾಗ ಸಿಕ್ಕಿ ಒತ್ತಡ ತೀರ ಏರುವುದಿಲ್ಲ.

ಲಂಬಛರಿಯ ದಾರಿ ಬೇರೆ. ಹೈದರ್‌ಖಾನ್ 1584ರ ಸುಮಾರಿಗೆ ಕಟ್ಟಿಸಿದ ಉಪಲಿ ಬುರುಜಿನ ಮೇಲಿರುವ ಇದು 30 ಅಡಿ 8 ಅಂಗುಲ ಉದ್ದ, ಒಳಗೆ ಒಂದೇ ಅಡಿ ಅಗಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಚಕ್ಕಡಿ ಗಾಲಿಗೆ ಹಳಿ ಏರಿಸುವ ಹಾಗೆ ಸುತ್ತಲೂ ಬಳೆಗಳನ್ನು ಬಿಗಿದಿದ್ದಾರೆ. ಸೀಳುವ ಎಳೆತವನ್ನು ಬಳೆಗಳು ಹೊರುತ್ತವೆ. ನಳಿಗೆ ಉದ್ದವಿರುವುದರಿಂದ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ.

ಒತ್ತಡವನ್ನು ಅಂಕಿಯಲ್ಲಿ ಹಿಡಿಯುವುದು ಸಾಧ್ಯವಾದದ್ದು ಬಹಳ ತಡವಾಗಿ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಲೋಲಕದಿಂದ ಗುಂಡಿನ ವೇಗ ಅಳೆದ. 1860ರ ದಶಕದಲ್ಲಿ ಆಂಡ್ರ್ಯೂ ನೋಬಲ್ ತಾಮ್ರದ ತುಂಡು ಎಷ್ಟು ಜಜ್ಜಿಹೋಯಿತೆಂದು ನೋಡಿ ಒತ್ತಡ ಲೆಕ್ಕಹಾಕಿದ. ಇಪ್ಪತ್ತನೆಯ ಶತಮಾನದಲ್ಲಿ ಸ್ಫಟಿಕದ ವಿದ್ಯುತ್ ಸಂವೇದಕ ಬಂತು. ತಾಮ್ರ ಮತ್ತು ಸ್ಫಟಿಕದ ಅಳತೆಗಳು ಒಂದೇ ಉತ್ತರ ಕೊಡುವುದಿಲ್ಲ: ಇಂದಿನ ರೈಫಲ್‌ನ .308 ವಿಂಚೆಸ್ಟರ್ ತೋಟೆಯ ಮಿತಿ ತಾಮ್ರದಲ್ಲಿ 52,000, ಸ್ಫಟಿಕದಲ್ಲಿ ಚದರ ಅಂಗುಲಕ್ಕೆ 62,000 ಪೌಂಡ್.

1854ರಲ್ಲಿ ಬ್ರಿಟಿಷ್ ಆಡಳಿತ ಮಲಿಕ್-ಎ-ಮೈದಾನವನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಮಾರಾಟ ರದ್ದಾಗಿ ತೋಪು ಬುರುಜಿನ ಮೇಲೆಯೇ ಉಳಿಯಿತು.