ಇಳಿವಯಸ್ಸಿನ ಆತಂಕ: ಗುರುತು ಮತ್ತು ಚಿಕಿತ್ಸೆ

ವೃದ್ಧರ ಆತಂಕವು ತನ್ನ ಹೆಸರಿನಿಂದಲೇ ವೈದ್ಯರ ಬಳಿಗೆ ಬರುವುದು ಅಪರೂಪ. ರೇಗನ್ಸ್‌ಬರ್ಗಿನಲ್ಲಿರುವ ಮಕ್ಕಳ ಮನೆಗೆ ಬಂದ ಕನ್ನಡದ ಹಿರಿಯರಿಂದ ನಾನು ಕೇಳುವುದು ದೇಹದ ದೂರುಗಳನ್ನು: ಎದೆ ಡವಡವ ಎನ್ನುತ್ತದೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ನಡುಕ, ನಡುರಾತ್ರಿ ಎಚ್ಚರ. ಭಾಷೆ ತಿಳಿಯದ ಊರು, ಡಾನ್ಯೂಬ್ ದಂಡೆಯ ನವೆಂಬರ್ ಮಂಜು, ಹಗಲೆಲ್ಲ ಒಂಟಿತನ ಇವನ್ನು ಹೆಚ್ಚಿಸುತ್ತವೆ. ಆದರೆ ‘ವಯಸ್ಸಾಯಿತು, ಹೆದರಿಕೆ ಸಹಜ’ ಎಂದು ತಳ್ಳಿಹಾಕಲಾಗದು. ಇದು ಚಿಕಿತ್ಸೆಗೆ ಒಗ್ಗುವ ಕಾಯಿಲೆ.

ಅರವತ್ತರ ನಂತರ ಮೊದಲ ಬಾರಿಗೆ ಆತಂಕ ಕಾಣಿಸಿದರೆ ಮೊದಲು ದೇಹವನ್ನು ಪರೀಕ್ಷಿಸಬೇಕು. ಥೈರಾಯ್ಡ್ ಅತಿಸ್ರಾವ, ಹೃದಯದ ಲಯದೋಷ, ರಕ್ತಹೀನತೆ, ಸಕ್ಕರೆಯ ಕುಸಿತ, ಉಬ್ಬಸಕ್ಕೆ ಬಳಸುವ ಸಾಲ್ಬ್ಯುಟಮಾಲ್, ಸ್ಟೀರಾಯ್ಡ್ ಇವೆಲ್ಲವೂ ಇದೇ ಲಕ್ಷಣಗಳನ್ನು ತೋರಬಲ್ಲವು. ಖಿನ್ನತೆ ಮತ್ತು ಮರೆವಿನ ಕಾಯಿಲೆಯ ಆರಂಭವನ್ನೂ ಗಮನಿಸಬೇಕು. ಹಠಾತ್ ಎದೆನೋವು ಅಥವಾ ಉಸಿರಾಟದ ತೊಂದರೆಯನ್ನು ಆತಂಕವೆಂದು ಭಾವಿಸದೆ ಕೂಡಲೇ 112ಕ್ಕೆ ಕರೆಮಾಡಬೇಕು.

ಚಿಕಿತ್ಸೆಯಲ್ಲಿ ಮಾತಿಗೆ ಮೊದಲ ಸ್ಥಾನ. ಭಯದ ಆಲೋಚನೆಗಳನ್ನು ಪರಿಶೀಲಿಸಿ, ತಪ್ಪಿಸಿಕೊಂಡ ಕೆಲಸಗಳಿಗೆ ಹಂತಹಂತವಾಗಿ ಮರಳುವುದನ್ನು ಕಲಿಸುವ ಸಿಬಿಟಿ ವೃದ್ಧರಿಗೂ ಫಲಕಾರಿ. ದಿನನಿತ್ಯದ ನಡಿಗೆ, ನಿಯತ ನಿದ್ರೆ, ಮಧ್ಯಾಹ್ನದ ನಂತರ ಕಾಫಿ ಬಿಡುವುದು ಇದಕ್ಕೆ ಪೂರಕ. ಔಷಧ ಬೇಕಾದರೆ ಸರ್ಟ್ರಲೀನ್, ಎಸಿಟಲೊಪ್ರಾಮ್‌ನಂಥವನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತೇವೆ. ಗುಣ ಕಾಣಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ವಾರಗಳಲ್ಲಿ ರಕ್ತದ ಸೋಡಿಯಂ ಕುಸಿಯಬಹುದು. ರಕ್ತದೊತ್ತಡಕ್ಕೆ ಮೂತ್ರವರ್ಧಕ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ರಕ್ತಪರೀಕ್ಷೆ ಅಗತ್ಯ.

ನನ್ನ ಮುಖ್ಯ ಎಚ್ಚರಿಕೆ ಆಲ್‌ಪ್ರಜೋಲಾಮ್, ಕ್ಲೊನಜೆಪಾಮ್ ಕುರಿತದ್ದು. ‘ನಿದ್ದೆ ಮಾತ್ರೆ’ ಎಂದು ಇವನ್ನು ವರ್ಷಗಟ್ಟಲೆ ಸೇವಿಸುವ ಹಿರಿಯರುಂಟು. ವೃದ್ಧಾಪ್ಯದಲ್ಲಿ ಇವು ಬೀಳುವಿಕೆ, ಮೂಳೆಮುರಿತ, ಗೊಂದಲಗಳಿಗೆ ಎಡೆಮಾಡುತ್ತವೆ. ಊರಿನಿಂದ ತಂದದ್ದು ತೀರಿತೆಂದು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯಕರ: ತೀವ್ರ ಚಡಪಡಿಕೆ, ಸನ್ನಿ, ಸೆಳವು ಸಹ ಬರಬಹುದು. ವೈದ್ಯರ ನಿಗಾದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಬೇಕು. ಭಾರತದ ಬ್ರ್ಯಾಂಡ್ ಹೆಸರುಗಳು ಇಲ್ಲಿನ ಔಷಧಾಲಯಗಳಿಗೆ ಅಪರಿಚಿತ. ಹೊರಡುವ ಮುನ್ನವೇ ಔಷಧದ ಮೂಲನಾಮ, ಪ್ರಮಾಣಗಳನ್ನು ಬರೆಸಿಕೊಂಡು ಬನ್ನಿ.

ಮಾನಸಿಕ ತುರ್ತಿನಲ್ಲಿ ಬವೇರಿಯದ ನೆರವುವಾಣಿ 0800 6553000 ಹಗಲಿರುಳೂ ಲಭ್ಯ. ಹಿರಿಯರು ಕರ್ನಾಟಕಕ್ಕೆ ಮರಳಿದ ಮೇಲೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಭಯವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವ ಅವಕಾಶವನ್ನು ಹಿರಿಯರಿಗೆ ಒದಗಿಸುವುದು ಮನೆಯವರಿಂದಲೂ ಆಗಬೇಕಾದ ಚಿಕಿತ್ಸೆ.